ದಾರಿ ತೆರೆದಿದೆ, ನೀರು ಇಳಿಯುತ್ತಿದೆಯೇ?

ದೊಡ್ಡಮ್ಮ: ನೀನು ಕಣ್ಣಿನ ಡಾಕ್ಟ್ರು, ಅದಕ್ಕೇ ನಿನ್ನನ್ನ ಕೇಳ್ತಿದ್ದೀನಿ. ಎಡಗಣ್ಣಿಗೆ ಆಪರೇಷನ್ ಆಗಿದ್ದು ಹೋದ ಗೌರಿ ಹಬ್ಬಕ್ಕೆ ಮುಂಚೆ. ಇವತ್ತಿಗೂ ನೀರು ನಿಂತಿಲ್ಲ. ಮೊನ್ನೆ ತೋರಿಸೋಕೆ ಹೋದಾಗ ಮೊಂಡು ಸೂಜೀಲಿ ನೀರು ಬಿಟ್ಟು, “ಗಂಟಲಿಗೆ ಇಳೀತಾ?” ಅಂತ ಕೇಳಿದರು. ಇಳೀತು ಅಂದೆ. “ಹಾಗಾದ್ರೆ ದಾರಿ ತೆರೆದಿದೆ, ಆಪರೇಷನ್ ಸಕ್ಸಸ್. ನೀರು ಬರ್ತಿದೆ ಅನ್ನೋದು ನಿಮ್ಮ ಭಾವನೆ ಅಷ್ಟೆ” ಅಂದುಬಿಟ್ಟರು. ಸೀರೆಗೆ ಫಾಲ್ ಹಾಕೋಕೆ ಕೂತರೆ ಬಟ್ಟೆ ಮೇಲೆ ತೊಟ್ಟಿಕ್ಕುತ್ತೆ ಕಣೇ. ಅದೂ ಭಾವನೆಯಾ?

ನಾನು: ಖಂಡಿತ ಅಲ್ಲ, ದೊಡ್ಡಮ್ಮ. ನೀವು ಹೇಳ್ತಿರೋದೂ ನಿಜ, ಅವರು ನೋಡಿದ್ದೂ ನಿಜ. ಅದರಿಂದ ಅವರು ತೆಗೆದ ತೀರ್ಮಾನವನ್ನ ಮಾತ್ರ ನಾನು ಒಪ್ಪಲ್ಲ. ದಾರಿ ತೆರೆದಿರೋದು ಒಂದು ವಿಷಯ, ಆ ದಾರೀಲಿ ಕಣ್ಣೀರು ತಾನಾಗಿ ಇಳಿಯೋದು ಇನ್ನೊಂದು. ಅವರು ಸೂಜೀಲಿ ನೀರು ಬಿಟ್ಟು ನೋಡಿದರಲ್ಲ, ಆ ಸಿರಿಂಜಿಂಗ್ ಹೇಳೋದು ಮೊದಲನೇದನ್ನ ಮಾತ್ರ.

ದೊಡ್ಡಮ್ಮ: ಅವರು ಬಿಟ್ಟ ನೀರು ಸಲೀಸಾಗಿ ಇಳೀತು. ನನ್ನ ಕಣ್ಣೀರಿಗೆ ಮಾತ್ರ ಯಾಕೆ ಆಗಲ್ಲ?

ನಾನು: ಲೆಕ್ಕ ನೋಡಿ. ಒಂದು ಕಣ್ಣಿನ ಮೇಲೆ ಒಂದು ಹೊತ್ತಿಗೆ ಇರೋ ಕಣ್ಣೀರು 7ರಿಂದ 10 ಮೈಕ್ರೋಲೀಟರ್. ಒಂದು ಮಿಲಿಲೀಟರ್ ಅಂದರೆ ಸಾವಿರ ಮೈಕ್ರೋಲೀಟರ್. ಸುಮ್ಮನೆ ಕೂತಿರುವಾಗ ಕಣ್ಣಲ್ಲಿ ನಿಮಿಷಕ್ಕೆ ಹೊಸದಾಗಿ ಊರೋದು ಒಂದೆರಡು ಮೈಕ್ರೋಲೀಟರ್. ಸಿರಿಂಜಿನಿಂದ ಒಂದು ಮಿಲಿಲೀಟರ್ ಬಿಟ್ಟರೆ, ಕಣ್ಣಲ್ಲಿರೋ ನೀರಿನ ನೂರು ಪಾಲಿಗೂ ಹೆಚ್ಚನ್ನ ಕೆಲವೇ ಸೆಕೆಂಡಿನಲ್ಲಿ, ಅದೂ ಹೆಬ್ಬೆರಳಿನ ಒತ್ತಡದಲ್ಲಿ ನೂಕಿದ ಹಾಗಾಯ್ತು.

ದೊಡ್ಡಮ್ಮ: ಬಚ್ಚಲಿಗೆ ಒಂದು ಬಕೆಟ್ ನೀರು ರಪ್ಪಂತ ಸುರಿದರೆ ಅರ್ಧ ಕಟ್ಟಿರೋ ತೂಬಲ್ಲೂ ಹೋಗಿಬಿಡುತ್ತೆ. ನಲ್ಲಿ ಸಣ್ಣಗೆ ಬಿಟ್ಟು ಪಾತ್ರೆ ತೊಳೆಯೋವಾಗ ತಾನೇ ನೀರು ಕಾಲಡಿ ನಿಲ್ಲೋದು?

ನಾನು: ಅಷ್ಟೇ ವಿಷಯ. ಜೊತೆಗೆ ಇನ್ನೊಂದಿದೆ. ಕಣ್ಣೀರು ಮೂಗಿಗೆ ಬರೀ ಇಳಿಜಾರಿನಿಂದ ಹೋಗಲ್ಲ, ರೆಪ್ಪೆ ಅದನ್ನ ನೂಕಬೇಕು. ಕನ್ನಡಿ ಮುಂದೆ ನಿಂತು ಕೆಳರೆಪ್ಪೆಯನ್ನ ಬೆರಳಿಂದ ಸ್ವಲ್ಪ ಈಚೆಗೆ ತಿರುಗಿಸಿ ನೋಡಿ. ಮೂಗಿನ ಕಡೆ ತುದಿಗೆ ಹತ್ತಿರ, ರೆಪ್ಪೆಯ ಅಂಚಿನ ಮೇಲೆ ಒಂದು ಸಣ್ಣ ದಿಬ್ಬ, ಅದರ ನಡುವೆ ಸೂಜಿಮೊನೆಯಷ್ಟು ತೂತು ಕಾಣುತ್ತೆ. ಮಿಲಿಮೀಟರಿನಲ್ಲಿ ಮೂರರಲ್ಲೊಂದು ಪಾಲೂ ಇರಲ್ಲ. ಮೇಲಿನ ರೆಪ್ಪೆಯಲ್ಲೂ ಅಂಥದ್ದೇ ಒಂದಿದೆ. ಅಲ್ಲಿಂದ ಒಂದು ಸಣ್ಣ ನಾಳ 2 ಮಿ.ಮೀ. ನೇರ ಒಳಗಿಳಿದು, ಮೂಗಿನ ಕಡೆ ತಿರುಗಿ, ಸುಮಾರು 8 ಮಿ.ಮೀ. ಹೋಗಿ ಕಣ್ಣೀರಿನ ಚೀಲ ಸೇರುತ್ತೆ. ಈ ನಾಳಗಳ ಸುತ್ತ ರೆಪ್ಪೆಯ ಸ್ನಾಯುವಿನ ಎಳೆಗಳಿವೆ. ಕಣ್ಣು ಮಿಟುಕಿಸಿದಾಗ ಅವು ನಾಳವನ್ನ ಹಿಂಡುತ್ತವೆ, ನೀರು ಮುಂದಕ್ಕೆ ಹೋಗುತ್ತೆ. ರೆಪ್ಪೆ ತೆರೆದಾಗ ನಾಳ ಸಡಿಲಾಗಿ ಹೊಸ ನೀರನ್ನ ಒಳಕ್ಕೆ ಎಳ್ಕೊಳ್ಳುತ್ತೆ. ಅಮೆರಿಕದ ಲೆಸ್ಟರ್ ಜೋನ್ಸ್ ಅನ್ನೋ ನೇತ್ರವೈದ್ಯರು ಕಳೆದ ಶತಮಾನದ ಮಧ್ಯಭಾಗದಲ್ಲಿ ಈ ಪಂಪನ್ನ ವಿವರವಾಗಿ ಬರೆದರು. ಈ ಪಂಪು ಸೋತಿದ್ದರೆ ಮುಂದಿನ ದಾರಿ ಎಷ್ಟು ಅಗಲ ಇದ್ದರೂ ನೀರು ಕಣ್ಣಲ್ಲೇ ತುಂಬಿ ಕೆನ್ನೆಗೆ ಇಳಿಯುತ್ತೆ.

ದೊಡ್ಡಮ್ಮ: ಹಾಗಾದ್ರೆ ನನ್ನ ಆಪರೇಷನ್‌ನಲ್ಲಿ ಸರಿ ಮಾಡಿದ್ದು ಏನನ್ನ? ಮೂಳೆ ಕೊರೆದರು ಅಂತ ಮಾತ್ರ ಗೊತ್ತು.

ನಾನು: ಚೀಲದಿಂದ ಕೆಳಗೆ ಮೂಳೆಯ ಕಾಲುವೆಯಲ್ಲಿ ಒಂದೂವರೆ ಸೆಂಟಿಮೀಟರಿನಷ್ಟು ಇಳಿದು ಮೂಗಿನೊಳಗೆ ತೆರೆಯೋ ನಾಳ ಒಂದಿದೆ. ನಿಮಗೆ ಮುಚ್ಚಿಹೋಗಿದ್ದು ಅದು. ನಡುವಯಸ್ಸು ದಾಟಿದ ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ನೀರು ಚೀಲದಲ್ಲೇ ನಿಂತು ಕೀವಾಗಿತ್ತು, ಮೂಲೆ ಒತ್ತಿದರೆ ಹಳದಿ ಬರ್ತಿತ್ತು, ನೆನಪಿದೆಯಲ್ಲ? ಡಿಸಿಆರ್ ಅನ್ನೋ ಆಪರೇಷನ್‌ನಲ್ಲಿ ಮುಚ್ಚಿದ ನಾಳವನ್ನ ಬಿಡಿಸೋಕೆ ಹೋಗಲ್ಲ. ಚೀಲಕ್ಕೂ ಮೂಗಿಗೂ ನಡುವೆ ಇರೋ ತೆಳು ಮೂಳೆಯನ್ನ ತೆಗೆದು, ಚೀಲವನ್ನ ನೇರ ಮೂಗಿಗೇ ತೆರೀತಾರೆ. ಇಟಲಿಯ ಅಡ್ಡೆಯೋ ಟೊಟಿ 1904ರಲ್ಲಿ ಇದನ್ನ ಮೊದಲು ವರದಿ ಮಾಡಿದರು. ಚೀಲದ ಒಳಪದರವನ್ನೂ ಮೂಗಿನ ಒಳಪದರವನ್ನೂ ಕೂಡಿಸಿ ಹೊಲಿಯೋ ಕ್ರಮ 1920ರ ದಶಕದ ಶುರುವಿನಲ್ಲಿ ಫ್ರಾನ್ಸಿನಿಂದ ಬಂತು. ಈಗ ಮುಖದ ಮೇಲೆ ಗಾಯ ಮಾಡದೆ ಮೂಗಿನೊಳಗಿಂದ ಎಂಡೋಸ್ಕೋಪ್ ಹಾಕಿಯೂ ಮಾಡ್ತಾರೆ. ಬಹಳ ಒಳ್ಳೆ ಆಪರೇಷನ್ ಇದು. ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ನೀರು ನಿಲ್ಲುತ್ತೆ.

ದೊಡ್ಡಮ್ಮ: ಆ ಹತ್ತನೆಯವಳು ನಾನು.

ನಾನು: ಹತ್ತನೆಯವರಲ್ಲೂ ಎರಡು ಥರ. ಕೆಲವರಿಗೆ ಹೊಸದಾಗಿ ಮಾಡಿದ ಬಾಗಿಲೇ ಗಾಯ ಮಾಯುವಾಗ ಮುಚ್ಚಿಹೋಗಿರುತ್ತೆ. ಇನ್ನು ಕೆಲವರಿಗೆ ಬಾಗಿಲು ತೆರೆದೇ ಇರುತ್ತೆ, ಆದರೂ ನೀರು ಇಳಿಯಲ್ಲ. ಒಂದು ಮಾತು ಹೇಳಿ, ಮೂಗು ಜೋರಾಗಿ ಸೀಟಿದಾಗ ಕಣ್ಣಿನ ಮೂಲೆಗೆ ಏನಾದರೂ ಆಗುತ್ತಾ?

ದೊಡ್ಡಮ್ಮ: ಅಯ್ಯೋ, ಅದನ್ನ ಯಾರಿಗೂ ಹೇಳೇ ಇಲ್ಲ. ಬುಸ್ ಅಂತ ಗಾಳಿ ಬರುತ್ತೆ. ಒಂದೊಂದು ಸಲ ಗುಳ್ಳೆ ಕೂಡ. ಹೆದರಿದ್ದೆ.

ನಾನು: ಹೆದರೋದು ಬೇಡ. ಮೂಗಿನ ಗಾಳಿ ಕಣ್ಣಿನ ಮೂಲೆಗೆ ಬರುತ್ತೆ ಅಂದರೆ ಬಾಗಿಲು ತೆರೆದಿದೆ ಅಂತ. ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ಗಂಟಲಲ್ಲಿ ಕಹಿ ಗೊತ್ತಾಗುತ್ತಾ?

ದೊಡ್ಡಮ್ಮ: ಬಲಗಣ್ಣಿಗೆ ಹಾಕಿದರೆ ತಕ್ಷಣ. ಎಡಗಣ್ಣಿಗೆ ಹಾಕಿದ್ದು ಗೊತ್ತಾಗೋಕೆ ಎಷ್ಟೋ ಹೊತ್ತು ಬೇಕು, ಅಷ್ಟರಲ್ಲಿ ಅರ್ಧ ಕೆನ್ನೆ ಮೇಲೆ ಬಂದಿರುತ್ತೆ.

ನಾನು: ನೋಡಿ, ಅರ್ಧ ಪರೀಕ್ಷೆ ನೀವೇ ಮಾಡಿಬಿಟ್ಟಿರಿ. ಸಿರಿಂಜಿಂಗ್‌ನಲ್ಲಿ ಸಲೀಸು, ಗಾಳಿ ವಾಪಸ್ ಬರುತ್ತೆ, ಆದರೆ ಹನಿ ತಾನಾಗಿ ಇಳಿಯೋದು ನಿಧಾನ. ಎಲ್ಲಿ ನಿಧಾನ ಅನ್ನೋದು ಈಗ ಕೇಳಬೇಕಾದ ಪ್ರಶ್ನೆ. ರೆಪ್ಪೆಯ ತೂತಿನಿಂದ ಚೀಲಕ್ಕೆ ಹೋಗೋದರಲ್ಲೋ, ಚೀಲದಿಂದ ಮೂಗಿಗೆ ಇಳಿಯೋದರಲ್ಲೋ? ಉತ್ತರ ಬೇರೆಯಾದರೆ ಚಿಕಿತ್ಸೆಯೂ ಬೇರೆ. ಅದನ್ನ ಕಣ್ಣಾರೆ ತೋರಿಸೋ ಒಂದು ಚಿತ್ರ ಇದೆ. ಡ್ಯಾಕ್ರಿಯೋಸಿಂಟಿಗ್ರಫಿ ಅಂತಾರೆ.

ದೊಡ್ಡಮ್ಮ: ಹೆಸರು ಕೇಳಿದರೇ ಭಯ. ಸ್ಕ್ಯಾನಾ?

ನಾನು: ಸ್ಕ್ಯಾನೇ, ಆದರೆ ಸುರಂಗದಂಥ ಮೆಷಿನ್ನಿನೊಳಗೆ ಮಲಗಿಸಲ್ಲ, ಸೂಜಿ ಇಲ್ಲ, ನೋವಿಲ್ಲ. ಗ್ಯಾಮಾ ಕ್ಯಾಮೆರಾ ಮುಂದೆ ಸ್ಟೂಲಿನ ಮೇಲೆ ಕೂರಿಸ್ತಾರೆ. ತಲೆ ಅಲುಗದ ಹಾಗೆ ಗದ್ದಕ್ಕೆ ಆಸರೆ ಕೊಡ್ತಾರೆ. ಟೆಕ್ನಿಷಿಯನ್ ಕೆಳರೆಪ್ಪೆ ಸ್ವಲ್ಪ ಎಳೆದು, ಎರಡೂ ಕಣ್ಣಿಗೆ ಒಂದೊಂದು ಪುಟ್ಟ ಹನಿ ಬಿಡ್ತಾರೆ. ಹತ್ತು ಮೈಕ್ರೋಲೀಟರಿನಷ್ಟೇ, ಕಣ್ಣಲ್ಲಿ ಮೊದಲೇ ಇರೋ ನೀರಿನಷ್ಟು. ಹೆಚ್ಚು ಹಾಕಿದರೆ ಸಹಜ ಸ್ಥಿತಿ ಕೆಡುತ್ತೆ, ತುಳುಕಿ ಕೆನ್ನೆಗೆ ಬಂದರೆ ಚಿತ್ರವೂ ಕೆಡುತ್ತೆ. ಆ ಹನಿಯಲ್ಲಿ ಟೆಕ್ನೀಷಿಯಂ-99ಎಂ ಅನ್ನೋ ವಿಕಿರಣ ಹೊರಸೂಸೋ ವಸ್ತು ಸ್ವಲ್ಪ ಇರುತ್ತೆ. ಆಮೇಲೆ ನೀವು ಮಾಡಬೇಕಾದ್ದು ಏನೂ ಇಲ್ಲ. ಮಾಮೂಲಾಗಿ ಕಣ್ಣು ಮಿಟುಕಿಸ್ತಾ ಕೂತಿರೋದು. ಒರೆಸಬಾರದು, ಉಜ್ಜಬಾರದು, ಮೂಗು ಸೀಟಬಾರದು.

ದೊಡ್ಡಮ್ಮ: ಒರೆಸದೆ ಕೂರೋದೇ ನನಗೆ ಕಷ್ಟ.

ನಾನು: ಹದಿನೈದು ಇಪ್ಪತ್ತು ನಿಮಿಷ ಅಷ್ಟೇ. ಕ್ಯಾಮೆರಾ ಮೊದಲ ಒಂದೆರಡು ನಿಮಿಷ ಕೆಲವು ಸೆಕೆಂಡಿಗೊಂದರಂತೆ ಚಿತ್ರ ತೆಗೆಯುತ್ತೆ, ಆಮೇಲೆ ಬಿಡುವು ಕೊಟ್ಟು ತೆಗೆಯುತ್ತೆ. ಕಂಪ್ಯೂಟರಿನ ಪರದೆ ಮೇಲೆ ಮೊದಲು ಎರಡು ಬೆಳಕಿನ ಚುಕ್ಕೆ. ಅದು ಕಣ್ಣು. ಸ್ವಲ್ಪ ಹೊತ್ತಿಗೆ ಚುಕ್ಕೆಯಿಂದ ಮೂಗಿನ ಕಡೆಗೆ ಒಂದು ಗೆರೆ ಹೊರಡುತ್ತೆ. ಮೂಗಿನ ಪಕ್ಕ ಒಂದು ಉದ್ದನೆ ಮಚ್ಚೆ ಮೂಡುತ್ತೆ, ಅದು ಚೀಲ. ಆಪರೇಷನ್ ಆಗದ ಕಣ್ಣಲ್ಲಿ ಅಲ್ಲಿಂದ ಗೆರೆ ಕೆಳಗೆ ಉದ್ದಕ್ಕೆ ಇಳಿಯುತ್ತೆ. ಡಿಸಿಆರ್ ಆದ ಕಣ್ಣಲ್ಲಿ ಆ ಉದ್ದದ ಗೆರೆ ಇರಲ್ಲ, ಚೀಲದ ಮಟ್ಟದಿಂದಲೇ ಮೂಗಿನೊಳಗೆ ಚೆಲ್ಲಿಕೊಳ್ಳುತ್ತೆ. ಅದನ್ನ ತಪ್ಪಾಗಿ ಓದದ ಹಾಗೆ, ಆಪರೇಷನ್ ಆಗಿದೆ ಅಂತ ಕೋರಿಕೆ ಚೀಟಿಯಲ್ಲೇ ಬರೆದಿರಬೇಕು.

ಚುಕ್ಕೆ ಕಣ್ಣಲ್ಲೇ ಉಳಿದು ಚೀಲ ಮೂಡಲೇ ಇಲ್ಲ, ಅಥವಾ ತುಂಬ ತಡವಾಗಿ ಮೂಡಿತು ಅಂದರೆ ತೊಂದರೆ ಚೀಲಕ್ಕಿಂತ ಮುಂಚೆ ಇದೆ. ರೆಪ್ಪೆ ಸಡಿಲ ಆಗಿರಬಹುದು, ತೂತು ಹೊರಕ್ಕೆ ತಿರುಗಿರಬಹುದು, ಸಣ್ಣ ನಾಳ ಕಿರಿದಾಗಿರಬಹುದು. ಚೀಲ ಚೆನ್ನಾಗಿ ತುಂಬಿತು, ಆದರೆ ಅಲ್ಲೇ ನಿಂತಿತು ಅಂದರೆ ಆಪರೇಷನ್ ಮಾಡಿದ ಜಾಗವನ್ನ ನೋಡಬೇಕು. ಕೆನ್ನೆ ಮೇಲೆ ಗೆರೆ ಬಂದರೆ ಅದೂ ಅಲ್ಲಿ ಕಾಣುತ್ತೆ. ನೀವು ‘ಭಾವನೆ’ ಅನ್ನಿಸಿಕೊಂಡು ಬಂದಿರಲ್ಲ, ಆ ಗೆರೆ.

ದೊಡ್ಡಮ್ಮ: ಬಲಗಣ್ಣಿಗೆ ಯಾಕೆ ಹಾಕೋದು? ಅದು ಸರಿಯಾಗೇ ಇದೆ.

ನಾನು: ಅದಕ್ಕೇ ಹಾಕೋದು. ಎಲ್ಲರ ಕಣ್ಣೂ ಒಂದೇ ವೇಗದಲ್ಲಿ ನೀರು ಇಳಿಸಲ್ಲ. ನಿಮಗೆ ಎಷ್ಟು ಹೊತ್ತು ಸಹಜ ಅನ್ನೋದಕ್ಕೆ ನಿಮ್ಮದೇ ಇನ್ನೊಂದು ಕಣ್ಣಿಗಿಂತ ಒಳ್ಳೆ ಸಾಕ್ಷಿ ಇಲ್ಲ.

ದೊಡ್ಡಮ್ಮ: ವಿಕಿರಣ ಅಂದೆಯಲ್ಲ, ಅದನ್ನ ಹಾರಿಸಿಕೊಂಡು ಹೋಗಬೇಡ. ಕಣ್ಣಿಗೆ ನೇರ ಹಾಕ್ತಾರೆ ಅಂದರೆ ಪೊರೆ ಗಿರೆ ಬಂದುಬಿಟ್ಟರೆ?

ನಾನು: ಕೇಳಬೇಕಾದ ಪ್ರಶ್ನೆ. ಟೆಕ್ನೀಷಿಯಂ-99ಎಂ ಆರು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತೆ. ಇಪ್ಪತ್ನಾಲ್ಕು ಗಂಟೆಗೆ ನಾಲ್ಕು ಸಲ ಅರ್ಧ ಆಯ್ತು, ಉಳಿದದ್ದು ಹದಿನಾರರಲ್ಲಿ ಒಂದು ಪಾಲು. ಅದೂ ಕಣ್ಣಲ್ಲೇ ಇರಲ್ಲ, ಮೂಗಿನ ಮೂಲಕ ಹೊಟ್ಟೆಗೆ ಹೋಗುತ್ತೆ, ಮೈಯಿಂದ ಹೊರಗೂ ಹೋಗುತ್ತೆ. ಹಾಕೋ ಪ್ರಮಾಣ ಮೂಳೆ ಸ್ಕ್ಯಾನಿಗೋ ಥೈರಾಯ್ಡ್ ಸ್ಕ್ಯಾನಿಗೋ ಕೊಡೋದಕ್ಕೆ ಹೋಲಿಸಿದರೆ ತೀರಾ ಕಡಿಮೆ. ಇದೇ ನಾಳಕ್ಕೆ ಎಕ್ಸ್‌ರೇ ಔಷಧಿ ತುಂಬಿ ಚಿತ್ರ ತೆಗೆಯೋ ಪರೀಕ್ಷೆ ಇದೆ, ಅದಕ್ಕಿಂತ ಕಣ್ಣಿನ ಮಸೂರಕ್ಕೆ ತಾಗೋ ವಿಕಿರಣ ಇದರಲ್ಲಿ ಕಡಿಮೆ. ಹಾಗಂತ ಬೇಕಿಲ್ಲದಿದ್ದರೂ ಮಾಡಿಸೋದಲ್ಲ. ಬಸುರಿಯರು, ಹಾಲೂಡಿಸೋ ತಾಯಂದಿರು ಮುಂಚೆಯೇ ಹೇಳಲೇಬೇಕು.

ಟೆಕ್ನೀಷಿಯಂ ಕತೆ ನನಗೆ ತುಂಬ ಇಷ್ಟ, ಎರಡು ಮಾತಲ್ಲಿ ಹೇಳಿಬಿಡ್ತೀನಿ. ಬರ್ಕ್ಲಿಯ ಸೈಕ್ಲೊಟ್ರಾನ್ ಯಂತ್ರದಲ್ಲಿ ಬಳಕೆಯಾಗಿದ್ದ ಮಾಲಿಬ್ಡಿನಂ ತಗಡನ್ನ ಅರ್ನೆಸ್ಟ್ ಲಾರೆನ್ಸ್ ಸಿಸಿಲಿಯ ಪಲೆರ್ಮೊದಲ್ಲಿದ್ದ ಎಮಿಲಿಯೋ ಸೆಗ್ರೆಗೆ ಟಪಾಲಿನಲ್ಲಿ ಕಳಿಸಿದರು. 1937ರಲ್ಲಿ ಸೆಗ್ರೆ ಮತ್ತು ಕಾರ್ಲೊ ಪೆರಿಯೆ ಆ ತಗಡಿನಲ್ಲಿ ಹೊಸ ಮೂಲವಸ್ತು ಕಂಡುಹಿಡಿದರು. 1950ರ ದಶಕದಲ್ಲಿ ಹಾಲ್ ಆ್ಯಂಗರ್ ಗ್ಯಾಮಾ ಕ್ಯಾಮೆರಾ ಕಟ್ಟಿದರು. 1972ರಲ್ಲಿ ರೊಸ್ಸೊಮೊಂಡೊ ಮತ್ತು ಸಂಗಡಿಗರು ಈ ಎರಡನ್ನೂ ಕೂಡಿಸಿ ಕಣ್ಣೀರಿನ ಹರಿವು ನೋಡೋ ವಿಧಾನ ಪ್ರಕಟಿಸಿದರು. ಅದಕ್ಕೂ ಬಹಳ ಹಿಂದೆ, 1909ರಲ್ಲೇ, ಯೂಯಿಂಗ್ ಅನ್ನೋ ವೈದ್ಯರು ಬಿಸ್ಮತ್ ಲವಣವನ್ನ ಚೀಲಕ್ಕೆ ತುಂಬಿ ಎಕ್ಸ್‌ರೇ ತೆಗೆದಿದ್ದರು. ಆದರೆ ತುಂಬೋದು ಅಂದರೆ ಮತ್ತೆ ನೂಕೋದೇ. ಯಾರೂ ನೂಕದೆ, ಹನಿ ತನ್ನಷ್ಟಕ್ಕೆ ಹೋಗೋದನ್ನ ನೋಡೋಕೆ ಆಮೇಲೆ ಅರವತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯ್ತು.

ದೊಡ್ಡಮ್ಮ: ಸರಿ, ನಾಳೆಯೇ ಈ ಸ್ಕ್ಯಾನ್ ಮಾಡಿಸಿಬಿಡೋಣ.

ನಾನು: ತಾಳಿ. ಇಷ್ಟು ಹೊಗಳಿದ ಮೇಲೂ ನಾನು ಅದನ್ನ ಮೊದಲು ಬರೆಯಲ್ಲ. ಮೊದಲು ಕಣ್ಣು, ರೆಪ್ಪೆ, ಮೂಗು ಮೂರನ್ನೂ ನೋಡಬೇಕು. ಕಣ್ಣು ಒಣಗಿದ್ದರೂ ನೀರು ಸುರಿಯುತ್ತೆ ಅಂದರೆ ಜನ ನಂಬಲ್ಲ. ಕಣ್ಣಿನ ಮೇಲ್ಮೈಗೆ ಉರಿಯಾದಾಗ ಮಿದುಳಿಗೆ ಸುದ್ದಿ ಹೋಗಿ ಒಮ್ಮೆಲೇ ನೀರು ಉಕ್ಕುತ್ತೆ. ಅಂಥವರಿಗೆ ನಾಳ ಎಷ್ಟು ಚೆನ್ನಾಗಿದ್ದರೂ ಸಾಲಲ್ಲ, ಅವರಿಗೆ ಬೇಕಾದ್ದು ಕಣ್ಣು ಒಣಗದ ಹಾಗೆ ನೋಡ್ಕೊಳ್ಳೋ ಔಷಧಿ. ಆಮೇಲೆ ಬಣ್ಣದ ಪರೀಕ್ಷೆ. ಫ್ಲೋರೆಸೀನ್ ಅನ್ನೋ ಕಿತ್ತಳೆ-ಹಳದಿ ಬಣ್ಣದ ಹನಿ ಎರಡೂ ಕಣ್ಣಿಗೆ ಹಾಕಿ, ಐದು ನಿಮಿಷ ಬಿಟ್ಟು ನೀಲಿ ಬೆಳಕಲ್ಲಿ ನೋಡಿದರೆ, ನೀರು ಇಳಿಯೋ ಕಣ್ಣು ತಿಳಿಯಾಗಿರುತ್ತೆ. ಇಳಿಯದ ಕಣ್ಣಿನ ಅಂಚಲ್ಲಿ ಹಸಿರಾಗಿ ಹೊಳೆಯೋ ಗೆರೆ ದಪ್ಪಗೆ ನಿಂತಿರುತ್ತೆ. ಆಪರೇಷನ್ ಆದವರಿಗೆ ಮೂಗಿನೊಳಗೆ ಎಂಡೋಸ್ಕೋಪ್ ಇಟ್ಟು, ಅದೇ ಬಣ್ಣ ಹೊಸ ಬಾಗಿಲಿನಿಂದ ತೊಟ್ಟಿಕ್ಕೋದನ್ನ ನೇರ ನೋಡಬಹುದು. ಬಾಗಿಲ ಬಾಯಿಗೆ ಗಾಯದ ಪೊರೆ ಬೆಳೆದಿದೆಯಾ, ಪಕ್ಕದ ಮಾಂಸಕ್ಕೆ ಅಂಟಿಕೊಂಡಿದೆಯಾ, ಎಲ್ಲ ಅಲ್ಲೇ ಕಾಣುತ್ತೆ. ಹತ್ತು ನಿಮಿಷದ ಕೆಲಸ, ಖರ್ಚು ಕಡಿಮೆ, ವಿಕಿರಣ ಇಲ್ಲ. ಎಷ್ಟೋ ಜನಕ್ಕೆ ಇಷ್ಟರಲ್ಲೇ ಉತ್ತರ ಸಿಕ್ಕಿಬಿಡುತ್ತೆ.

ದೊಡ್ಡಮ್ಮ: ನನಗೆ ಇದ್ಯಾವುದನ್ನೂ ಮಾಡಲಿಲ್ಲ. ಸೂಜಿ ನೀರು ಬಿಟ್ಟರು, ಮುಗೀತು.

ನಾನು: ಮಾಡಬೇಕಿತ್ತು. ಹೊರಗೆ ಸಾಲು ಉದ್ದ ಇರುತ್ತೆ, ಒಪ್ತೀನಿ. ಆದರೂ ಮಾಡಬೇಕಿತ್ತು. ಇಲ್ಲಿ ಬೆಳಕಿಗೆ ಬನ್ನಿ, ನಿಮ್ಮ ಕೆಳರೆಪ್ಪೆ ನೋಡ್ತೀನಿ. ಕಣ್ಣು ಮಿಟುಕಿಸಬೇಡಿ. ಬೆರಳಿಂದ ರೆಪ್ಪೆಯನ್ನ ಕೆಳಗೆಳೆದು ಬಿಡ್ತೀನಿ. ಬಲಗಡೆದು ಬಿಟ್ಟ ತಕ್ಷಣ ಹೋಗಿ ಕಣ್ಣಿಗೆ ಅಂಟಿತು. ಎಡಗಡೆದು ನೋಡಿ… ಅಲ್ಲೇ ನಿಂತಿದೆ. ಈಗ ಮಿಟುಕಿಸಿ. ಹಾಂ, ಮಿಟುಕಿಸಿದ ಮೇಲೆ ವಾಪಸ್ ಹೋಯ್ತು. ತೂತು ಕೂಡ ಕಣ್ಣಿನ ಕಡೆ ಬಾಗಿಲ್ಲ, ಆಕಾಶ ನೋಡ್ತಿದೆ. ಕಣ್ಣೀರಿನ ಕೊಳದಲ್ಲಿ ಅದ್ದಿರಬೇಕಾದ ತೂತು ಹೊರಗಿದ್ದರೆ ನೀರು ಒಳಗೆ ಹೋಗೋದು ಹೇಗೆ?

ದೊಡ್ಡಮ್ಮ: ಯಾಕೆ ಹೀಗಾಯ್ತು? ಆಪರೇಷನ್‌ನಲ್ಲಿ ಏನಾದರೂ…

ನಾನು: ಆಪರೇಷನ್ ಮೇಲೆ ಹಾಕೋ ಹಾಗಿಲ್ಲ. ವಯಸ್ಸಾದ ಹಾಗೆ ರೆಪ್ಪೆ ಸಡಿಲ ಆಗುತ್ತೆ. ಅದರ ಮೇಲೆ ನೀವು ವರ್ಷಗಟ್ಟಲೆ ಸೆರಗಿನ ತುದಿಯಿಂದ ಕೆಳಮುಖವಾಗಿ ಎಳೆದೆಳೆದು ಒರೆಸಿದ್ದೀರಿ, ಅದರಿಂದಲೂ ಜೋಲುತ್ತೆ. ಇವತ್ತಿಂದ ಕೆಳಗೆ ಎಳೀಬೇಡಿ. ಮೆತ್ತನೆ ಬಟ್ಟೆಯಲ್ಲಿ ಹೊರಗಿನಿಂದ ಮೂಗಿನ ಕಡೆಗೆ, ಸ್ವಲ್ಪ ಮೇಲ್ಮುಖವಾಗಿ ಒತ್ತಿ ತೆಗೀರಿ. ಮುಖದ ನರ ಸೋತವರಿಗೂ ಇದೇ ಪಾಡು, ರೆಪ್ಪೆ ಸರಿಯಾಗಿ ಮುಚ್ಚದೆ ಪಂಪು ನಿಲ್ಲುತ್ತೆ.

ದೊಡ್ಡಮ್ಮ: ಇಷ್ಟು ಇಲ್ಲೇ ಕಂಡಿತಲ್ಲ, ಹಾಗಾದ್ರೆ ಆ ಸ್ಕ್ಯಾನ್ ಯಾತಕ್ಕೆ?

ನಾನು: ಸಡಿಲ ರೆಪ್ಪೆ ಇದೆ ಅಂತ ಗೊತ್ತಾಯ್ತು. ನೀರು ನಿಂತಿರೋದಕ್ಕೆ ಅದೊಂದೇ ಕಾರಣವಾ ಅಂತ ಗೊತ್ತಾಗಲಿಲ್ಲ. ಇದೇ ವಯಸ್ಸಿನ ಎಷ್ಟೋ ಜನಕ್ಕೆ ರೆಪ್ಪೆ ಸಡಿಲ ಇರುತ್ತೆ, ನೀರು ಸುರಿಯಲ್ಲ. ಎಂಡೋಸ್ಕೋಪಿಯಲ್ಲಿ ಬಾಗಿಲು ಚೆನ್ನಾಗಿದೆ ಅಂತ ಕಂಡರೂ ಬಣ್ಣ ತಡವಾಗಿ ಬಂದರೆ, ಆಗ ಸಿಂಟಿಗ್ರಫಿಗೆ ಕೆಲಸ ಇದೆ. ತಡ ಚೀಲಕ್ಕಿಂತ ಮುಂಚೆ ಅಂತ ಚಿತ್ರ ಹೇಳಿದರೆ, ರೆಪ್ಪೆಯ ಹೊರತುದಿಯನ್ನ ಬಿಗಿ ಮಾಡೋ ಸಣ್ಣ ಆಪರೇಷನ್ ಸಾಕು. ಮರಗಟ್ಟಿಸಿ ಮಾಡೋದು, ಅದೇ ದಿನ ಮನೆಗೆ ಬರಬಹುದು. ಮೂಳೆ, ಮೂಗು ಯಾವುದನ್ನೂ ಮುಟ್ಟೋದಿಲ್ಲ. ಈ ಚಿತ್ರ ಇಲ್ಲದೆ ‘ಮೊದಲನೇದು ಫೇಲ್ ಆಗಿದೆ, ಇನ್ನೊಂದು ಸಲ ಡಿಸಿಆರ್ ಮಾಡೋಣ’ ಅಂತ ಹೊರಟರೆ, ಚೆನ್ನಾಗಿರೋ ಬಾಗಿಲನ್ನ ಮತ್ತೆ ಕೆದಕಿದ ಹಾಗಾಗುತ್ತೆ. ಗಾಯದ ಮೇಲೆ ಗಾಯ. ಅದಾದ ಮೇಲೂ ನೀರು ನಿಲ್ಲಲ್ಲ, ಯಾಕೆಂದರೆ ತೊಂದರೆ ಅಲ್ಲಿ ಇರಲೇ ಇಲ್ಲ. ನನ್ನ ಮಟ್ಟಿಗೆ ಈ ಸ್ಕ್ಯಾನಿನ ದೊಡ್ಡ ಉಪಕಾರ ಬೇಡದ ಎರಡನೇ ಆಪರೇಷನ್ ತಪ್ಪಿಸೋದು.

ದೊಡ್ಡಮ್ಮ: ಒಂದು ವೇಳೆ ಚೀಲ ತುಂಬಿ ಅಲ್ಲೇ ನಿಂತರೆ?

ನಾನು: ಆಗ ಸಿಂಟಿಗ್ರಫಿ ಕೈಚೆಲ್ಲುತ್ತೆ. ಅದರ ಚಿತ್ರ ಮಸುಕು. ‘ಇಲ್ಲಿ ನಿಂತಿತು’ ಅನ್ನುತ್ತೆ, ‘ಯಾಕೆ’ ಅನ್ನಲ್ಲ. ಮೂಳೆ ಯಾವುದು, ಗಾಯದ ಪೊರೆ ಯಾವುದು ಅನ್ನೋದು ಅದರಲ್ಲಿ ಕಾಣಲ್ಲ. ಅದಕ್ಕೆ ಸಿಟಿ ಬೇಕು. ಕಣ್ಣಿಗೆ ಕಾಂಟ್ರಾಸ್ಟ್ ಹನಿ ಹಾಕಿ, ಅಥವಾ ನಾಳದಿಂದ ಸಣ್ಣಗೆ ಬಿಟ್ಟು ಸಿಟಿ ತೆಗೆದರೆ, ಮೂಳೆಯಲ್ಲಿ ಮಾಡಿದ ಕಿಂಡಿ ಎಲ್ಲಿದೆ, ಚೀಲದ ಎಷ್ಟು ಭಾಗ ಅದಕ್ಕಿಂತ ಕೆಳಗೆ ಉಳಿದಿದೆ ಅಂತ ಗೊತ್ತಾಗುತ್ತೆ. ಕಿಂಡಿ ಮೇಲೆ ಮಾಡಿ ಚೀಲದ ತಳ ಕೆಳಗೇ ಉಳಿದರೆ, ಅಲ್ಲಿ ನೀರೂ ಲೋಳೆಯೂ ನಿಂತು ಮತ್ತೆ ಮತ್ತೆ ಗಲೀಜು ಬರುತ್ತೆ. ಸಂಪ್ ಸಿಂಡ್ರೋಮ್ ಅಂತಾರೆ ಅದಕ್ಕೆ. ಅಂಥವರಿಗೆ ಸಿರಿಂಜಿಂಗ್ ಸಲೀಸು! ತಳ ಉಳಿದಿದೆ ಅಂತ ಸಿಟಿ ತೋರಿಸಿದರೆ ಸರ್ಜನ್‌ಗೆ ಎಲ್ಲಿ ಕೈ ಹಾಕಬೇಕು ಅಂತ ಖಚಿತ ಆಗುತ್ತೆ. ಅಪಘಾತದಲ್ಲಿ ಮುಖದ ಮೂಳೆ ಮುರಿದವರಿಗೆ, ಚೀಲದಲ್ಲಿ ಗಡ್ಡೆಯ ಅನುಮಾನ ಇರೋರಿಗೆ ಸಿಟಿ ಅಂತೂ ಬೇಕೇ ಬೇಕು. ಎಂಆರ್‌ಐನಲ್ಲೂ ಮಾಡಬಹುದು, ತಿಳಿ ಮಾಡಿದ ಗ್ಯಾಡೊಲಿನಿಯಂ ಹನಿ ಹಾಕಿ. ವಿಕಿರಣ ಇಲ್ಲ, ಮೃದು ಭಾಗಗಳು ಸ್ಪಷ್ಟ. ಆದರೆ ದುಬಾರಿ, ಮೂಳೆ ಚೆನ್ನಾಗಿ ಕಾಣಲ್ಲ. ದಿನನಿತ್ಯದ ಕೆಲಸಕ್ಕೆ ಯಾರೂ ಅದನ್ನ ಬರೆಯಲ್ಲ.

ದೊಡ್ಡಮ್ಮ: ಚಿತ್ರ ಅಂದ ಮೇಲೆ ಸುಳ್ಳು ಹೇಳಲ್ಲ ತಾನೇ?

ನಾನು: ಚಿತ್ರ ಸುಳ್ಳು ಹೇಳಲ್ಲ, ಓದೋವರು ತಪ್ಪಬಹುದು. ಎರಡು ಉದಾಹರಣೆ ಕೊಡ್ತೀನಿ. ಯಾವ ತೊಂದರೆಯೂ ಇಲ್ಲದ ಜನರಿಗೆ ಸಿಂಟಿಗ್ರಫಿ ಮಾಡಿದರೂ ಅವರಲ್ಲಿ ಎಷ್ಟೋ ಜನರ ಚಿತ್ರದಲ್ಲಿ ತಡ ಕಾಣುತ್ತೆ. ಡಿಸಿಆರ್ ಆಗಿ ನೀರು ಪೂರ್ತಿ ನಿಂತವರಲ್ಲೂ ಹರಿವು ಸ್ವಲ್ಪ ನಿಧಾನ ಇರಬಹುದು. ಚಿತ್ರದಲ್ಲಿ ತಡ ಇದೆ ಅಂತ ನೀರು ಬಾರದ ಕಣ್ಣಿಗೆ ಚಿಕಿತ್ಸೆ ಮಾಡೋ ಹಾಗಿಲ್ಲ. ಇನ್ನೊಂದು, ಕಿಂಡಿಯ ಅಳತೆ. 1982ರಲ್ಲಿ ಲಿನ್‌ಬರ್ಗ್ ಮತ್ತು ಸಂಗಡಿಗರು ಡಿಸಿಆರ್ ಆದವರ ಮೂಗಿನೊಳಗಿನ ಬಾಗಿಲನ್ನ ಅಳೆದು ಪ್ರಕಟಿಸಿದರು. ಆಪರೇಷನ್ ಟೇಬಲ್ ಮೇಲೆ ಮೂಳೆಯಲ್ಲಿ ಮಾಡಿದ ಕಿಂಡಿ ಸರಾಸರಿ 12 ಮಿ.ಮೀ. ಹತ್ತಿರ ಇತ್ತು. ಮಾಯ್ದ ಮೇಲೆ ಬಾಗಿಲು ಉಳಿದದ್ದು 2 ಮಿ.ಮೀ.ಗೂ ಕಡಿಮೆ. ಅಷ್ಟು ಸಣ್ಣ ಬಾಗಿಲೂ ಚೆನ್ನಾಗಿ ಕೆಲಸ ಮಾಡುತ್ತೆ. ಗೊತ್ತಿಲ್ಲದವರು ಚಿತ್ರ ನೋಡಿ ‘ಅಯ್ಯೋ, ಕಿಂಡಿ ಕಿರಿದಾಗಿದೆ’ ಅಂತ ಹೆದರಿಸಬಹುದು. ಬಾಗಿಲ ಅಗಲಕ್ಕಿಂತ ಅದರಲ್ಲಿ ನೀರು ಇಳಿಯುತ್ತಾ ಅನ್ನೋದು ಮುಖ್ಯ.

ದೊಡ್ಡಮ್ಮ: ಅಂದರೆ ಚಿತ್ರಕ್ಕಿಂತ ನಾನು ಹೇಳೋದೇ ಮೇಲಾ?

ನಾನು: ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ನೀವು ಹೇಳೋದಕ್ಕೂ ಅಳತೆ ಇದೆ. ದಿನಕ್ಕೆ ಎಷ್ಟು ಸಲ ಒರೆಸಬೇಕಾಗುತ್ತೆ ಅಂತ ಕೇಳಿ ಅಂಕ ಕೊಡ್ತೀವಿ. ಒರೆಸೋದೇ ಬೇಡ ಅಂದರೆ ಸೊನ್ನೆ. ಎರಡು ಸಲಕ್ಕಿಂತ ಕಡಿಮೆ ಅಂದರೆ ಒಂದು. ಎರಡರಿಂದ ನಾಲ್ಕು ಸಲ ಎರಡು, ಐದರಿಂದ ಹತ್ತು ಸಲ ಮೂರು, ಹತ್ತಕ್ಕೂ ಹೆಚ್ಚು ನಾಲ್ಕು, ಯಾವಾಗಲೂ ಸುರೀತಾನೇ ಇದ್ದರೆ ಐದು. ಮಂಕ್ ಅಳತೆ ಅಂತ ಅದಕ್ಕೆ. ಆಪರೇಷನ್‌ಗೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಬರೆದಿಟ್ಟುಕೊಂಡರೆ ‘ಸಕ್ಸಸ್’ ಅನ್ನೋ ಮಾತಿಗೆ ಅರ್ಥ ಬರುತ್ತೆ. ನಿಮಗೆ ಮೊದಲು ಎಷ್ಟಿತ್ತು?

ದೊಡ್ಡಮ್ಮ: ಮೊದಲು ಐದೇ. ಜೊತೆಗೆ ಕೀವು. ಈಗ ಕೀವಿಲ್ಲ, ಊತ ಇಲ್ಲ. ಒರೆಸೋದು ಹತ್ತಕ್ಕೂ ಮೇಲೆ, ಅದರಲ್ಲೂ ಗಾಳಿಗೆ ಹೋದರೆ.

ನಾನು: ಹಾಗಾದ್ರೆ ಆಪರೇಷನ್ ತನ್ನ ಕೆಲಸ ಮಾಡಿದೆ. ಚೀಲದ ಸೋಂಕು ಹೋಗಿದೆ, ಅದು ಸಣ್ಣ ಲಾಭ ಅಲ್ಲ. ಆ ಕೀವು ಇದ್ದಾಗ ಕಣ್ಣಿಗೆ ಪೊರೆ ಬಂದಿದ್ದರೂ ತೆಗೆಯೋಕೆ ಯಾರೂ ಒಪ್ತಿರಲಿಲ್ಲ. ಉಳಿದಿರೋದು ಹರಿವಿನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕದೆ ಕಳಿಸಿದ್ದು ತಪ್ಪು.

ದೊಡ್ಡಮ್ಮ: ಈ ಸ್ಕ್ಯಾನ್ ನಮ್ಮೂರಲ್ಲಿ ಸಿಗುತ್ತಾ?

ನಾನು: ಹಾಸನದಲ್ಲೇ ಆಗುತ್ತೆ ಅಂತ ನೆಚ್ಚಿಕೊಂಡು ಕೂರೋದು ಬೇಡ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇರೋ ದೊಡ್ಡ ಆಸ್ಪತ್ರೆ ಬೇಕು. ಬೆಂಗಳೂರಿಗೆ ಬನ್ನಿ, ನಮ್ಮ ಮನೆ ಇದೆಯಲ್ಲ. ಗ್ಯಾಮಾ ಕ್ಯಾಮೆರಾ ಇದ್ದರೂ ಎಲ್ಲರೂ ಈ ಪರೀಕ್ಷೆ ಮಾಡಲ್ಲ. ಹೃದಯ, ಮೂಳೆ, ಕಿಡ್ನಿ ಸ್ಕ್ಯಾನ್ ಅವರಿಗೆ ದಿನದ ಕೆಲಸ, ಕಣ್ಣೀರಿನದು ಅಪರೂಪ. ಮೊದಲೇ ಫೋನ್ ಮಾಡಿ ಕೇಳಿ ದಿನ ಗೊತ್ತು ಮಾಡಬೇಕು. ಕಣ್ಣೀರಿನ ನಾಳಕ್ಕೇ ಮೀಸಲಾದ ವಿಭಾಗ ಬೇಕು ಅಂದರೆ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿದೆ. ನಿಮ್ಮ ವಿಷಯದಲ್ಲಿ ಅಷ್ಟು ದೂರ ಹೋಗೋ ಅಗತ್ಯ ಕಾಣಲ್ಲ. ಬರೋವಾಗ ಆಪರೇಷನ್ ಆದಾಗ ಕೊಟ್ಟ ಡಿಸ್ಚಾರ್ಜ್ ಚೀಟಿ ಮರೀದೆ ತನ್ನಿ. ಹೊರಗಿಂದ ಮಾಡಿದ್ದಾ ಮೂಗಿಂದ ಮಾಡಿದ್ದಾ, ಸಿಲಿಕಾನ್ ಟ್ಯೂಬ್ ಹಾಕಿದ್ದರಾ, ಯಾವಾಗ ತೆಗೆದರು, ಇದೆಲ್ಲ ಅದರಲ್ಲಿರುತ್ತೆ. ಆ ಚೀಟಿ ಇಲ್ಲದೆ ಚಿತ್ರ ಓದೋದು ಕಷ್ಟ.

ದೊಡ್ಡಮ್ಮ: ಅದು ಅಕ್ಕಿ ಡಬ್ಬದ ಹಿಂದೆ ಎಲ್ಲೋ ಇದೆ, ಹುಡುಕ್ತೀನಿ. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ನನ್ನ ಮಗಳ ಥರ, ಕೇಳಿದೆ, ಹೇಳಿದೆ. ನಮ್ಮ ಬೀದೀಲೇ ಇಬ್ಬರಿಗೆ ಇದೇ ಆಪರೇಷನ್ ಆಗಿದೆ. ಅವರಿಗೂ ನೀರು ನಿಂತಿಲ್ಲ. ಅವರು ಯಾರನ್ನ ಕೇಳಬೇಕು?

ನಾನು: ಆಪರೇಷನ್ ಮಾಡಿದವರನ್ನೇ ಕೇಳಬೇಕು, ಮತ್ತೆ ಹೋಗಿ, ಧೈರ್ಯವಾಗಿ. ‘ದಾರಿ ತೆರೆದಿದೆ ಅಂದಿರಿ, ಸರಿ. ನೀರು ಯಾಕೆ ಇಳೀತಿಲ್ಲ, ಎಲ್ಲಿ ನಿಲ್ತಿದೆ, ಅದನ್ನ ಯಾವ ಪರೀಕ್ಷೆಯಿಂದ ನೋಡ್ತೀರಿ?’ ಅಂತ ಕೇಳಲಿ. ಇನ್ನೊಂದು ಆಪರೇಷನ್ ಅಂತ ಬರೆದುಕೊಟ್ಟರೆ, ರೆಪ್ಪೆ ನೋಡಿದಿರಾ, ಮೂಗಿನೊಳಗೆ ಬಣ್ಣ ಇಳಿಯೋದನ್ನ ನೋಡಿದಿರಾ, ಬೇಕಾದರೆ ಸಿಂಟಿಗ್ರಫಿನೋ ಸಿಟಿನೋ ಮಾಡಿ ನೋಡಬಹುದಾ ಅಂತ ಕೇಳದೆ ಸಹಿ ಹಾಕಬೇಡಿ ಅನ್ನಿ. ಕಣ್ಣಿನ ಒಳಮೂಲೆಯ ಹತ್ತಿರ ಕೆಂಪಾಗಿ ಊದಿ ನೋವು ಬಂದರೆ, ಅಥವಾ ಕಣ್ಣೀರಿನಲ್ಲಿ ರಕ್ತ ಕಂಡರೆ, ಸ್ಕ್ಯಾನ್ ಗೀನ್ ಅಂತ ಕಾಯಬಾರದು, ಅದೇ ದಿನ ಕಣ್ಣಾಸ್ಪತ್ರೆಗೆ ಹೋಗಬೇಕು. ಇದನ್ನ ಆ ಇಬ್ಬರಿಗೂ ಇವತ್ತೇ ಹೇಳಿಬಿಡಿ.